ಹಾಡು ಬಾಯಿಗೆ ಬಂದಿದೆ, ಮಾತು ಬರುತ್ತಿಲ್ಲ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾವು ಜರ್ಮನಿಗೆ ಬಂದು ಎಂಟು ತಿಂಗಳಾಯಿತು. ನಾಲ್ಕು ವರ್ಷದ ಮಗಳು ಶಿಶುವಿಹಾರದಲ್ಲಿ ಕಲಿತ ಏಳೆಂಟು ಜರ್ಮನ್ ಹಾಡುಗಳನ್ನು ಒಂದಕ್ಷರವೂ ತಪ್ಪದೆ ಹಾಡುತ್ತಾಳೆ. ಆದರೆ ಬಾಯಾರಿದಾಗ ನೀರು ಕೇಳಲು ಬಾರದೆ ಶಿಕ್ಷಕಿಯ ತೋಳು ಜಗ್ಗಿ ನಲ್ಲಿಯತ್ತ ಬೆರಳು ತೋರಿಸುತ್ತಾಳಂತೆ. ಮನೆಯಲ್ಲಿಯೂ ದಿನಕ್ಕೊಂದು ಗಂಟೆ ಟ್ಯಾಬ್ಲೆಟ್‌ನಲ್ಲಿ ಹಾಡು ಹಾಕುತ್ತೇನೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1: ಗಾಬರಿಯಾಗಬೇಡಿ. ನನ್ನ ಮಗನೂ ಮೊದಲ ವರ್ಷ ತುಟಿ ಬಿಚ್ಚಿರಲಿಲ್ಲ. ಈಗ ಶಾಲೆಯ ಗಾಯನ ತಂಡದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುತ್ತಾನೆ.

ಉತ್ತರ 2: ಟ್ಯಾಬ್ಲೆಟ್ ಬದಿಗಿಟ್ಟು ನೀವೇ ಹಾಡಿ. 2003ರಲ್ಲಿ ಪ್ರಕಟವಾದ ಶಿಶುಗಳ ಭಾಷಾಕಲಿಕೆಯ ಸಂಶೋಧಕಿ ಪೆಟ್ರೀಶಿಯಾ ಕೂಲ್ ಅವರ ತಂಡದ ಅಧ್ಯಯನದಲ್ಲಿ, ಎದುರು ಕುಳಿತವರು ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ ಮಾತನಾಡಿಸುತ್ತ ಆಡಿಸಿದ 9 ತಿಂಗಳ ಅಮೆರಿಕನ್ ಶಿಶುಗಳು 12 ಭೇಟಿಗಳಲ್ಲಿ ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದನ್ನೇ ಪರದೆಯಲ್ಲಿ ನೋಡಿದ ಶಿಶುಗಳು ಕಲಿಯಲಿಲ್ಲ. ಮಗುವಿಗೆ ಹಾಡಿನ ಸಾಲು ಒಂದೇ ಉದ್ದನೆಯ ಪದದಂತೆ ಕೇಳುವುದರಿಂದ, ಅದನ್ನು ಮುರಿದು ಮಾತಾಗಿಸಬೇಕಾದವರು ನಾವು. ಅವಳಿಗೆ ಗೊತ್ತಿರುವ ರಾಗಕ್ಕೆ ‘ಇಶ್ ಮೊಶ್ಟೆ ವಸ್ಸರ್’ (ನನಗೆ ನೀರು ಬೇಕು) ಎಂದು ಕೂರಿಸಿ, ಲೋಟ ಕೈಯಲ್ಲಿ ಹಿಡಿದು, ಕೊನೆಯ ಪದಕ್ಕೆ ಮೊದಲು ನಿಲ್ಲಿಸಿ. ‘ವಸ್ಸರ್’ ಎಂದು ಅವಳು ಪೂರ್ತಿ ಮಾಡಿದ ಕ್ಷಣವೇ ಲೋಟ ಕೊಡಿ. ಮರುದಿನ ಅದೇ ಜಾಗಕ್ಕೆ ‘ಮಿಲ್ಶ್’ (ಹಾಲು) ಬರಲಿ. ಒಂದು ಎಚ್ಚರಿಕೆಯಿದೆ: ನಮ್ಮ ಬಳೆ–ಬಾಳೆಯಂತೆಯೇ ಜರ್ಮನ್‌ನಲ್ಲಿಯೂ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುತ್ತದೆ, ರಾಗವಾದರೋ ಹ್ರಸ್ವವನ್ನೂ ಎಳೆಯುತ್ತದೆ. ಆದ್ದರಿಂದ ಹಾಡಿದ ಪದವನ್ನು ಒಮ್ಮೆ ರಾಗವಿಲ್ಲದೆಯೂ ಹೇಳಿಸಿ.

ಉತ್ತರ 3: ಜರ್ಮನ್ ಚಿಂತೆ ಬಿಡಿ, ಅದನ್ನು ಬೀದಿಯೇ ಕಲಿಸುತ್ತದೆ. ಕನ್ನಡಕ್ಕೆ ಮನೆ ಬಿಟ್ಟರೆ ಬೇರೆ ದಿಕ್ಕಿಲ್ಲ. ನಾವೂ ನಿಮ್ಮಂತೆಯೇ ಇಲ್ಲಿನ ಹಾಡುಗಳನ್ನೇ ಹಾಡಿಸಿದೆವು. ಇಂದು ಹದಿನೇಳು ವರ್ಷದ ಮಗ ಅಜ್ಜಿಯ ಫೋನ್ ಬಂದರೆ ‘ಚೆನ್ನಾಗಿದ್ದೀನಿ’ ಎಂಬ ಒಂದೇ ಮಾತು ಹೇಳಿ ನನ್ನ ಕೈಗೆ ಕೊಡುತ್ತಾನೆ. ಮನೆಯೊಳಗೆ ಕನ್ನಡದ ಹಾಡಲ್ಲದೆ ಬೇರೇನೂ ಕೇಳಿಸಬಾರದು.

ಉತ್ತರ 4: ನೂರಕ್ಕೆ ನೂರು ಸತ್ಯ. ನನ್ನ ಮಗಳಿಗೆ ಹಾಡಿದ ಜೋಗುಳವನ್ನು ಅವಳು ಈಗ ತನ್ನ ಮಗುವಿಗೆ ಹಾಡುತ್ತಾಳೆ. ಇದಕ್ಕಿಂತ ದೊಡ್ಡ ಆಸ್ತಿ ನನಗಿಲ್ಲ.

ಉತ್ತರ 5: ಮಗು ನೀರು ಕೇಳಲಾಗದೆ ಒದ್ದಾಡುವಾಗ ಬೀದಿ ಕಲಿಸಲಿ ಎಂದು ಕಾಯುವುದು ಸರಿಯೇ?

ಉತ್ತರ 3: ನೀರು ಇಂದಲ್ಲ ನಾಳೆ ಕೇಳುತ್ತಾಳೆ. ಅಜ್ಜಿ ಕಾಯುವುದಿಲ್ಲ.

ಪ್ರಶ್ನೆ ಕೇಳಿದವರು: ಆ ಕೊನೆಯ ಮಾತು ನನ್ನನ್ನು ತಟ್ಟಿತು. ಇಂದಿನಿಂದ ಜರ್ಮನ್ ಹಾಡುಗಳನ್ನು ನಿಲ್ಲಿಸಿ ಕನ್ನಡದ ಶಿಶುಗೀತೆಗಳನ್ನು ಮಾತ್ರ ಹಾಡುತ್ತೇನೆ.

ಉತ್ತರ 2: ಕನ್ನಡವನ್ನು ಮನಸಾರೆ ಹಾಡಿ, ಆದರೆ ಆ ನೀರಿನ ಸಾಲನ್ನು ಮಾತ್ರ ಬಿಡಬೇಡಿ. ಸೋಮವಾರ ಬೆಳಿಗ್ಗೆ ಅವಳಿಗೆ ಅದು ಬೇಕಾಗುತ್ತದೆ.