ಸಹಾಯ ಬೇಕು: ಸ್ಫೋಟಿಸಿಯೂ ಉಳಿದ ನಕ್ಷತ್ರ

ನಮಸ್ಕಾರ ರೀ. ವಿಜಯಪುರದಲ್ಲಿ ಹೈಸ್ಕೂಲ್ ಮೇಷ್ಟ್ರು ನಾನು. ಮೊನ್ನೆ ತರಗತಿಯಲ್ಲಿ ಈಟಾ ಕರೈನೆ ನಕ್ಷತ್ರದ ಮಾತು ಬಂತು. 1843ರಲ್ಲಿ ಅದು ಲುಬ್ಧಕ ಬಿಟ್ಟರೆ ರಾತ್ರಿ ಆಕಾಶದ ನಕ್ಷತ್ರಗಳಲ್ಲೇ ಹೆಚ್ಚು ಹೊಳೆಯುತ್ತಿತ್ತು. ಆಮೇಲೆ ಬರಿಗಣ್ಣಿಗೂ ಕಾಣದಷ್ಟು ಮಂಕಾಯಿತು. ಆ ಸ್ಫೋಟದಲ್ಲಿ ಹತ್ತು ಸೂರ್ಯರಿಗಿಂತ ಜಾಸ್ತಿ ದ್ರವ್ಯ ಉಗುಳಿಯೂ ಇನ್ನೂ ಇದೆ! ‘ಸರ್, ಮತ್ತ ಅದು ಉಳೀತು ಹೆಂಗ್ರೀ?’ ಎಂದಳು ಹಿಂದಿನ ಬೆಂಚಿನ ಹುಡುಗಿ. ಬೆಳಕಿನ ಒತ್ತಡ ಹೊರಪದರವನ್ನು ತಳ್ಳುತ್ತದೆ ಎಂದೆ. ಅವಳಿಗೆ ಸಾಲಲಿಲ್ಲ. ನಿಜ ಹೇಳಬೇಕೆಂದರೆ ನನಗೂ.

ಇಂಥ ಭಾರೀ ನಕ್ಷತ್ರಗಳು ಹೊರಗಿನ ಹೈಡ್ರೋಜನ್ ಕಳೆದುಕೊಂಡು ವುಲ್ಫ್-ರಾಯೆ ನಕ್ಷತ್ರ (ಬಿಸಿ ಒಳಭಾಗ ಬಯಲಾದದ್ದು) ಆಗುತ್ತವೋ, ನೇರವಾಗಿ ನಕ್ಷತ್ರವನ್ನೇ ಮುಗಿಸುವ ಮಹಾಸ್ಫೋಟ, ಅಂದರೆ ಸೂಪರ್‌ನೋವಾನೋ? ಬಲ್ಲವರು ಒಂಬತ್ತನೇ ತರಗತಿಗೆ ತಿಳಿಯುವಂತೆ ಹೇಳಿ. ಏಪ್ರಿಲ್ ಮಧ್ಯದಲ್ಲಿ ರಾತ್ರಿ 9ರ ಸುಮಾರಿಗೆ ಈಟಾ ಕರೈನೆ ನಮ್ಮೂರ ದಕ್ಷಿಣಕ್ಕೆ, ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಯಾರಾದರೂ ಬೈನಾಕ್ಯುಲರ್ ಒಂದು ರಾತ್ರಿಗೆ ಕೊಡ್ತೀರಾ? ಊರ ದೀಪ ತಾಗದ ಜೋಳದ ಹೊಲ ನಮ್ಮದಿದೆ.