ಮಕ್ಕಳಾಗದಿದ್ದರೆ ಅದು ಮದುವೆಯಲ್ಲವೇ? ನಮ್ಮ ಗುಂಪಿನ ಸದಸ್ಯರು ವಕೀಲರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ನಿವೃತ್ತ ಅಧ್ಯಾಪಕ, ಉಡುಪಿ): ವಕೀಲರೇ, ಮೊನ್ನೆ ಅಂಬಲಪಾಡಿಯಲ್ಲಿ ಗೃಹಪ್ರವೇಶದ ಊಟಕ್ಕೆ ಕುಳಿತಾಗ ಸಲಿಂಗ ಮದುವೆಯ ಮಾತು ಬಂತು. ಮದುವೆ ಇರುವುದೇ ಸಂತಾನಕ್ಕಾಗಿ, ಆ ಕಾರಣಕ್ಕೇ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ ಎಂದು ನಾನು ಹೇಳಿದೆ. ಕಾನೂನು ಓದುತ್ತಿರುವ ತಂಗಿಯ ಮಗಳು ಹಾಗಲ್ಲ ಎಂದಳು. ಪಾಯಸ ಬರುವವರೆಗೂ ವಾದ ಮುಗಿಯಲಿಲ್ಲ. ಯಾರು ಸರಿ?

ಉತ್ತರ: ಅವಳೇ ಸರಿ, ಮಾಸ್ತರರೇ. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮದುವೆಯಾಗುವುದು ಸಂವಿಧಾನದ ಮೂಲಭೂತ ಹಕ್ಕಲ್ಲ ಎಂಬಲ್ಲಿ ಐವರದೂ ಒಂದೇ ಮಾತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿರುವ ಗಂಡು, ಹೆಣ್ಣು ಎಂಬ ಪದಗಳನ್ನು ತಿದ್ದಿ ಓದಲು ಒಬ್ಬರೂ ಮುಂದಾಗಲಿಲ್ಲ. ಅದು ಶಾಸಕಾಂಗದ ಕೆಲಸ ಎಂದರು. ಪೀಠ ಒಡೆದದ್ದು ಬೇರೆ ಕಡೆ. ಇಂಥ ಜೋಡಿಗಳ ಸಂಬಂಧಕ್ಕೆ ಕಾನೂನಿನ ಮಾನ್ಯತೆ ಬೇಕು, ದತ್ತು ಪಡೆಯುವ ಅವಕಾಶವೂ ಬೇಕು ಎಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಬರೆದರು. ಉಳಿದ ಮೂವರು ಒಪ್ಪಲಿಲ್ಲ. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

ನಿಮ್ಮ ವಾದ ಆ ಪ್ರಕರಣದಲ್ಲಿ ಇತ್ತು, ಇಲ್ಲವೆನ್ನುವುದಿಲ್ಲ. ಗಂಡ, ಹೆಂಡತಿ, ಅವರಿಗೆ ಹುಟ್ಟಿದ ಮಕ್ಕಳು, ಇದೇ ಭಾರತೀಯ ಕುಟುಂಬ ಎಂದು ಕೇಂದ್ರ ಸರ್ಕಾರ ತನ್ನ ಅಫಿಡವಿಟ್‌ನಲ್ಲಿ ಹೇಳಿತ್ತು. ಆದರೆ ತೀರ್ಪು ನಿಂತಿರುವುದು ಆ ಕಂಬದ ಮೇಲೆ ಅಲ್ಲ. ನಮ್ಮ ವಿವಾಹ ಕಾಯ್ದೆಗಳು ಕನಿಷ್ಠ ವಯಸ್ಸನ್ನು ಹೇಳುತ್ತವೆ, ಗರಿಷ್ಠ ವಯಸ್ಸನ್ನು ಹೇಳುವುದಿಲ್ಲ. ಎಪ್ಪತ್ತು ದಾಟಿದ ವಿಧುರ ಅರವತ್ತೈದರ ವಿಧವೆಯನ್ನು ಮದುವೆಯಾಗಲು ಅರ್ಜಿ ಕೊಟ್ಟರೆ ಯಾವ ವಿವಾಹಾಧಿಕಾರಿಯೂ ಮಕ್ಕಳಾಗುತ್ತವೆಯೇ ಎಂದು ವಿಚಾರಿಸುವುದಿಲ್ಲ.

ಇನ್ನೊಂದು ಮಾತು. ಮದುವೆ ಎಂದರೆ ಗಂಡನ ವಂಶ ಬೆಳೆಸುವುದು ಎಂದು ಯಾರಾದರೂ ಈ ಜಿಲ್ಲೆಯಲ್ಲಿ ಕುಳಿತು ಹೇಳಿದರೆ ನನಗೆ ನಗು ಬರುತ್ತದೆ. ಇಲ್ಲಿನ ಹಳೆಯ ತಾಯಿವಂಶದ ಪದ್ಧತಿಯಾದ ಅಳಿಯಸಂತಾನದಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಿದ್ದರು. ಗಂಡನ ಕುಟುಂಬದ ಆಸ್ತಿಗೆ ವಾರಸುದಾರರಾಗುತ್ತಿದ್ದವರು ಅವನ ಸಹೋದರಿಯ ಮಕ್ಕಳು. ಇದರಿಂದ ಸಲಿಂಗ ಮದುವೆ ಸರಿ ಎಂದು ಸಾಬೀತಾಗುವುದಿಲ್ಲ. ಮದುವೆಯನ್ನೂ ವಂಶವನ್ನೂ ಹೇಗೆ ಹೊಂದಿಸಬೇಕೆಂಬುದನ್ನು ಆಯಾ ಕಾಲದ ಜನರೇ ತೀರ್ಮಾನಿಸಿದ್ದಾರೆ ಎಂಬಷ್ಟು ಮಾತ್ರ ಗೊತ್ತಾಗುತ್ತದೆ.

ಪ್ರಶ್ನೆ (ಕುಂದಾಪುರದ ಸದಸ್ಯ): ಸರ್, ಒಂದು ಕಡೆ ಜಾರಿಕೊಂಡಿರಿ. ನಪುಂಸಕತ್ವ ಇದ್ದರೆ ಮದುವೆಯನ್ನು ರದ್ದು ಮಾಡಿಸಬಹುದಲ್ಲವೇ? ಹಾಗಾದರೆ ಕಾನೂನಿನ ಮನಸ್ಸಿನಲ್ಲಿ ಸಂತಾನ ಇದ್ದೇ ಇದೆ.

ಉತ್ತರ: ಮಾಸ್ತರರು ಕೇಳದೆ ಬಿಟ್ಟದ್ದನ್ನು ನೀವು ಕೇಳಿದ್ದೀರಿ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ನೋಡಿ: ನಪುಂಸಕತ್ವದಿಂದಾಗಿ ದಾಂಪತ್ಯ ಸಂಬಂಧವೇ ನಡೆಯದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು. ದೈಹಿಕ ಸಂಬಂಧ ಸಾಧ್ಯವಾಗದಿರುವುದು ಬೇರೆ, ಮಕ್ಕಳಾಗದಿರುವುದು ಬೇರೆ. ಬಂಜೆತನ ಆ ಕಲಮಿನಲ್ಲಿ ಇಲ್ಲ. ನಪುಂಸಕತ್ವದ ಕಾರಣಕ್ಕೆ ಮದುವೆ ರದ್ದಾಗುವುದೂ ಗಂಡ ಅಥವಾ ಹೆಂಡತಿ ದೂರು ಕೊಟ್ಟರೆ ಮಾತ್ರ. ಇಬ್ಬರೂ ಸುಮ್ಮನಿದ್ದರೆ ಸರ್ಕಾರ ಬಂದು ಮದುವೆ ಮುರಿಯುವುದಿಲ್ಲ. ಆ ಕಾಯ್ದೆ ಬರೆದವರ ಕಣ್ಣ ಮುಂದೆ ಗಂಡು ಹೆಣ್ಣಿನ ಜೋಡಿಯೇ ಇತ್ತು ಎಂದರೆ ಒಪ್ಪುತ್ತೇನೆ. ಸಂತಾನವನ್ನು ಷರತ್ತು ಮಾಡಿದ್ದರು ಎಂದರೆ ಒಪ್ಪುವುದಿಲ್ಲ.

ಸಂತಾನದ ವಾದವನ್ನು ನಿಜವಾಗಿ ಹಿಂಡಿ ನೋಡಿದ್ದು ಅಮೆರಿಕದ ನ್ಯಾಯಾಲಯಗಳು. 1971ರಲ್ಲಿ ಮಿನ್ನೆಸೋಟದ ಸುಪ್ರೀಂ ಕೋರ್ಟ್ ನೇರವಾಗಿ ಸಂತಾನದ ಕಾರಣವನ್ನೇ ಹೇಳಿ ಸಲಿಂಗ ಜೋಡಿಯ ಅರ್ಜಿಯನ್ನು ತಳ್ಳಿಹಾಕಿತು. ವೃದ್ಧರೂ ಮಕ್ಕಳಾಗದವರೂ ಮದುವೆಯಾಗುತ್ತಾರಲ್ಲ ಎಂಬ ಪ್ರಶ್ನೆ ಎದ್ದಾಗ ವಾದ ಮಗ್ಗುಲು ಬದಲಿಸಿತು. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿದ್ದು ಹೀಗೆ: ಗಂಡು ಹೆಣ್ಣಿನ ನಡುವೆ ಯೋಜನೆಯಿಲ್ಲದೆ ಮಗು ಹುಟ್ಟಬಹುದು, ಆ ಮಗುವಿಗೆ ನೆಲೆ ಬೇಕು, ಅದಕ್ಕಾಗಿ ಶಾಸಕಾಂಗ ಮದುವೆಯ ಸವಲತ್ತನ್ನು ಅವರಿಗಷ್ಟೇ ಇಡಬಹುದು. ಅಂದರೆ ಯೋಚಿಸಿ ಮಗುವನ್ನು ತಂದುಕೊಳ್ಳುವವರಿಗೆ ಮದುವೆ ಬೇಡ, ಯೋಚಿಸದವರಿಗೆ ಬೇಕು! ನನಗೆ ಇದು ತಲೆಕೆಳಗಾದ ತರ್ಕವಾಗಿ ಕಾಣುತ್ತದೆ.

ಅದೇ ವರ್ಷ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ಸಂತಾನದ ಕಾರಣವನ್ನು ಮಾನ್ಯ ಮಾಡಿದಾಗ ಸಲಿಂಗ ಮದುವೆಯ ಬೆಂಬಲಿಗರು ಒಂದು ಕಿಡಿಗೇಡಿ ಕೆಲಸ ಮಾಡಿದರು. 2007ರಲ್ಲಿ ಜನಮತಕ್ಕೆಂದು ಒಂದು ಪ್ರಸ್ತಾವ ಸಲ್ಲಿಸಿದರು: ಮದುವೆಯಾದ ಮೂರು ವರ್ಷಗಳಲ್ಲಿ ಮಗುವಾಗಿರುವುದಕ್ಕೆ ದಾಖಲೆ ಕೊಡಬೇಕು, ಇಲ್ಲದಿದ್ದರೆ ಮದುವೆ ರದ್ದು. ಸಹಿ ಸಾಲದೆ ಅದನ್ನು ಹಿಂದಕ್ಕೆ ಪಡೆದರು, ಆದರೆ ಚುಚ್ಚಬೇಕಾದಲ್ಲಿ ಚುಚ್ಚಿತ್ತು. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೇಶಾದ್ಯಂತ ಸಲಿಂಗ ಮದುವೆಗೆ ಅನುಮತಿ ಕೊಟ್ಟಾಗ, ಮಕ್ಕಳನ್ನು ಹೆರುವ ಶಕ್ತಿ ಯಾವ ರಾಜ್ಯದಲ್ಲೂ ಮದುವೆಯ ಷರತ್ತಾಗಿಲ್ಲ ಎಂಬುದನ್ನೂ ಬರೆಯಿತು. ಇದು ಅಲ್ಲಿನ ತೀರ್ಪು, ಇಲ್ಲಿ ನಮ್ಮನ್ನು ಕಟ್ಟಿಹಾಕುವುದಿಲ್ಲ.

ಪ್ರಶ್ನೆ (ಮಂಗಳೂರಿನ ಬಿಜೈ, ಹೆಸರು ಬೇಡ): ವಕೀಲರೇ, ನಿಮ್ಮ ಚರ್ಚೆ ಓದಿದೆ. ನನ್ನ ಮಗಳು ಆರೇಳು ವರ್ಷಗಳಿಂದ ತನ್ನ ಗೆಳತಿಯ ಜೊತೆ ಬಾಳುತ್ತಿದ್ದಾಳೆ. ಮೊದಲು ಅತ್ತುಬಿಟ್ಟೆ, ಈಗ ಒಪ್ಪಿದ್ದೇನೆ. ಅವರಿಗೊಂದು ಮಗು ಬೇಕಂತೆ. ದಾರಿ ಇದೆಯೇ?

ಉತ್ತರ: ಅಕ್ಕ, ಇಬ್ಬರ ಹೆಸರಿನಲ್ಲಿ ಸದ್ಯ ಇಲ್ಲ. ಜೋಡಿಯಾಗಿ ದತ್ತು ಪಡೆಯಲು ಎರಡು ವರ್ಷಗಳ ಸ್ಥಿರ ದಾಂಪತ್ಯ ಬೇಕೆಂಬ ನಿಯಮ ಇದೆ. ಬಹುಮತದ ತೀರ್ಪು ಅದನ್ನು ಉಳಿಸಿದೆ. ಅವಿವಾಹಿತ ಹೆಣ್ಣು ಒಬ್ಬಳೇ ಅರ್ಜಿ ಹಾಕಬಹುದು, ಗಂಡು ಮಗುವನ್ನೂ ಹೆಣ್ಣು ಮಗುವನ್ನೂ ಪಡೆಯಬಹುದು. ಆದರೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಮದುವೆಯಿಲ್ಲದೆ ಸಂಗಾತಿಯೊಡನೆ ಬಾಳುವವರ ಅರ್ಜಿ ಪರಿಗಣಿಸಬಾರದು ಎಂಬ 2022ರ ಸುತ್ತೋಲೆಯೊಂದಿದೆ. ಗೆಳತಿಯನ್ನು ಬಾಡಿಗೆಯವಳು ಎಂದು ತೋರಿಸುವ ಉಪಾಯ ಮಾತ್ರ ಬೇಡ; ಮುಂದೆ ಅದೇ ಮುಳುವಾಗುತ್ತದೆ.

ಬಾಡಿಗೆ ತಾಯ್ತನಕ್ಕೂ ಬಾಗಿಲು ಮುಚ್ಚಿದೆ. 2021ರ ಕಾಯ್ದೆ ಒಂಟಿ ಹೆಣ್ಣುಗಳಲ್ಲಿ 35ರಿಂದ 45 ವರ್ಷದ ವಿಧವೆ, ವಿಚ್ಛೇದಿತೆಯರಿಗೆ ಮಾತ್ರ ಅವಕಾಶ ಕೊಟ್ಟಿದೆ. ತೆರೆದಿರುವುದು ಇನ್ನೊಂದು: ಅದೇ ವರ್ಷದ ಸಂತಾನ ನೆರವು ತಂತ್ರಜ್ಞಾನ ಕಾಯ್ದೆಯಡಿ 21ರಿಂದ 50 ವರ್ಷದ ಒಂಟಿ ಹೆಣ್ಣು ದಾನಿಯ ವೀರ್ಯದಿಂದ ತಾಯಿಯಾಗಬಹುದು. ನೋಡಿ, ಮದುವೆಗೆ ಸಂತಾನ ಷರತ್ತಲ್ಲ, ಆದರೆ ಸಂತಾನಕ್ಕೆ ಮಾತ್ರ ಮದುವೆಯನ್ನು ಹಲವು ಕಡೆ ಕೇಳುತ್ತಾರೆ. ಅನ್ಯಾಯ ಇರುವುದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ (ಅದೇ ಸದಸ್ಯೆ): ಮಗಳೊಬ್ಬಳೇ ತಾಯಿ ಎಂದಾದರೆ ಗೆಳತಿ ಆ ಮಗುವಿಗೆ ಏನಾಗುತ್ತಾಳೆ?

ಉತ್ತರ: ಕಾನೂನಿನ ಲೆಕ್ಕದಲ್ಲಿ ಏನೂ ಅಲ್ಲ. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್, ಮದುವೆಗೆ ಮಾನ್ಯತೆ ಇಲ್ಲದಿದ್ದರೂ ಇಂಥ ಜೋಡಿಗಳು ಕುಟುಂಬ ಕಟ್ಟಬಹುದು ಎಂದಿದೆ. ಒಳ್ಳೆಯ ಮಾತು, ಆದರೆ ಅದನ್ನು ಹಿಡಿದುಕೊಂಡು ಶಾಲೆಯಲ್ಲಿ ಪೋಷಕರ ಜಾಗಕ್ಕೆ ಸಹಿ ಹಾಕಲಾಗದು. ಹಾಗಾಗಿ ಕಾಗದಪತ್ರ ಈಗಲೇ ಮಾಡಿಡಿ. ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲವೆಂದು 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿದೆ, ನಾಮಿನಿಯಾಗಿಯೂ ಹೆಸರಿಸಬಹುದು. ನಾಮಿನಿ ಎಂದರೆ ವಾರಸುದಾರ ಎಂದು ತಿಳಿಯಬೇಡಿ. ಅದಕ್ಕೆ ವೀಲುನಾಮೆ ಬೇಕು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮನೆ ಯಾರ ಹೆಸರಿನಲ್ಲಿದೆ ಎಂಬುದನ್ನು ನನಗೆ ಖಾಸಗಿಯಾಗಿ ತಿಳಿಸಿ. ಮಗುವಿನ ಪಾಲಕರ ವಿಷಯ ಹೇಗೆ ಬರೆಸಬೇಕೆಂದು ದಾಖಲೆ ನೋಡಿ ಹೇಳುತ್ತೇನೆ.