ಇಡ್ಲಿ ಸ್ಟ್ಯಾಂಡಿಗೊಂದು ಫ್ಯಾನು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಶೀನ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದ: "ಬೆಂಗಳೂರಿನ ದಾಖಲೆ ಮುರಿಯಿತು. ನಮ್ಮ ತಾರಸಿಯಲ್ಲಿ 43.1 ಡಿಗ್ರಿ."

2016ರ ಏಪ್ರಿಲ್‌ನಲ್ಲಿ ಊರಿಗೆಲ್ಲ 39.2 ಆಗಿ ಹಾಹಾಕಾರ ಎದ್ದಿತ್ತು. ಶೀನ ತಾರಸಿಯಲ್ಲಿಟ್ಟಿದ್ದ ಬಿಸಿ ಅಳೆಯುವ ಸೆನ್ಸರ್ ಅದನ್ನು ಒಂದೇ ಏಟಿಗೆ ಹಿಂದೆ ಹಾಕಿತ್ತು. ಸಂಜೆ ದರ್ಶಿನಿಯ ಮುಂದಿನ ಕಟ್ಟೆಯ ಮೇಲೆ ವಿಚಾರಣೆ ಶುರುವಾಯಿತು. ಮೇಷ್ಟ್ರು ಫಿಸಿಕ್ಸ್ ಹೇಳಿಕೊಟ್ಟು ರಿಟೈರ್ ಆದವರು. ಮೂರ್ತಿ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ನಾನು ಕಾಫಿಗೆ ದುಡ್ಡು ಕೊಡುವವನು.

"ಶೀನ, ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರ್ ಮೇಲೆ ಯಾವಾಗಾದ್ರೂ ಕೂತಿದ್ದೀಯಾ?"

"ಕೂತ ತಕ್ಷಣ ಎದ್ದಿದ್ದೀನಿ ಮೇಷ್ಟ್ರೇ."

"ಸೀಟು ಸುಡ್ತು ಅಂತ ಊರಿನ ಗಾಳಿನೂ ಅಷ್ಟೇ ಬಿಸಿ ಅಂತೀಯಾ? ನಿನ್ನ ಸೆನ್ಸರ್ ಸೀಟಿನ ಕಥೆ ಹೇಳ್ತಿದೆ. ನಮಗೆ ಬೇಕಾಗಿರೋದು ಗಾಳಿಯ ಕಥೆ."

ಶೀನ ಫೋನ್ ತೆಗೆದು ಫೋಟೋ ತೋರಿಸಿದ. ಬಿಳಿ ತಟ್ಟೆಗಳು ಒಂದರ ಮೇಲೊಂದು, ನಡುವೆ ಗಾಳಿಯಾಡಲು ಸಂದು, ಒಳಗೆ ಸೆನ್ಸರ್. "ಬಿಸಿಲು ತಡೆಯೋ ರೇಡಿಯೇಷನ್ ಶೀಲ್ಡ್ ಇದೆಯಲ್ಲ ಮೇಷ್ಟ್ರೇ!"

"ಇಡ್ಲಿ ಸ್ಟ್ಯಾಂಡ್ ಬೋರಲು ಹಾಕಿದ್ಯಲ್ಲೋ," ಅಂದ ಮೂರ್ತಿ.

ಇಡ್ಲಿ ಸ್ಟ್ಯಾಂಡ್ ಅಂದಿದ್ದರೆ ಪರವಾಗಿರಲಿಲ್ಲ. ಶೀನ ಇದನ್ನು ತಾರಸಿಗೆ ಏರಿಸಿದ ದಿನ ಗುಂಪಿನಲ್ಲಿ 'ರೇಡಿಯೇಷನ್' ಅಂತ ಬರೆದುಬಿಟ್ಟಿದ್ದ. ಪಕ್ಕದ ಮನೆಯ ಆಂಟಿ ಮೊಬೈಲ್ ಟವರ್ ಬಂತು ಅಂದುಕೊಂಡು ಒಂದು ವಾರ ಬಟ್ಟೆಯನ್ನು ಮನೆಯೊಳಗೇ ಒಣಗಿಸಿದರು. ಇದು ಬರೀ ಸೂರ್ಯನ ರೇಡಿಯೇಷನ್ ಆಂಟಿ, ನೀವು ಹುಟ್ಟೋಕ್ಕಿಂತ ಮುಂಚೆಯಿಂದ ಬರ್ತಿದೆ ಅಂತ ಇವನು ಹೇಳಿದ ಮೇಲೆ ಮಾತೇ ಬಿಟ್ಟರು.

ಮೇಷ್ಟ್ರಿಗೆ ಹುರುಪು ಬಂತು. ಬಿಳಿ ಪೆಟ್ಟಿಗೆ, ಸುತ್ತ ಓರೆ ಪಟ್ಟಿಯ ಕಿಟಕಿ, ಒಳಗೆ ಥರ್ಮಾಮೀಟರ್. ಇದನ್ನು ಮಾಡಿದ್ದು ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್ಸನ್, 1860ರ ದಶಕದಲ್ಲಿ. ಅವರ ಕಸುಬು ದೀಪಸ್ತಂಭ ಕಟ್ಟುವುದು. ಶೀನನ ತಟ್ಟೆಗೂಡು ಅದರದೇ ಮರಿ. ಗಾಳಿ ಬೀಸುತ್ತಿದ್ದರೆ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಗಾಳಿ ನಿಂತು ಬಿಸಿಲು ನೆತ್ತಿಗೇರಿದರೆ ತಟ್ಟೆಗಳೇ ಕಾಯುತ್ತವೆ, ಒಳಗಿನ ಗಾಳಿ ಅಲ್ಲೇ ಕೂತು ಬೇಯುತ್ತದೆ. ಎರಡು ಮೂರು ಡಿಗ್ರಿ ಸುಮ್ನೆ ಜಾಸ್ತಿ ಆಗಿಬಿಡುತ್ತದೆ.

"ಅದಕ್ಕೇ ಜರ್ಮನಿಯ ರಿಚರ್ಡ್ ಆಸ್ಮನ್ 1880ರ ದಶಕದಲ್ಲೇ ಥರ್ಮಾಮೀಟರಿಗೆ ಫ್ಯಾನ್ ಕೂರಿಸಿದ. ಕರೆಂಟಿಲ್ಲ, ಗಡಿಯಾರದ ಹಾಗೆ ಕೀಲಿ ಕೊಡೋದು. ಹೊರಗೆ ಗಾಳಿ ಇರಲಿ ಬಿಡಲಿ, ಥರ್ಮಾಮೀಟರಿನ ಬಲ್ಬಿನ ಮೇಲೆ ಹೊಸ ಗಾಳಿ ಹರೀತಾನೇ ಇರುತ್ತೆ."

"ಅಷ್ಟೇನಾ? ನನ್ನ ಹತ್ರ 80 ಎಂಎಂ ಕಂಪ್ಯೂಟರ್ ಫ್ಯಾನ್ ರಾಶಿ ಇದೆ," ಅಂದ ಮೂರ್ತಿ. "ನಾಳೆನೇ ತುರುಕಿಬಿಡೋಣ."

ಶೀನ ಕಾಫಿ ಲೋಟದೊಳಗೆ ನೋಡಿದ. "ತುರುಕಿ ಆಯ್ತು ಕಣೋ. ನೀನೇ ಕೊಟ್ಟಿದ್ಯಲ್ಲ ಒಂದು, ಹೋದ ತಿಂಗಳು. ಮೇಲ್ಗಡೆ ಕೂರಿಸಿ ಕೆಳಕ್ಕೆ ಊದೋ ಹಾಗೆ ಇಟ್ಟಿದ್ದೀನಿ. ಅದೇ 43.1."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಕರೀ ಫ್ಯಾನು, ಅದರ ಮೇಲೊಂದು ಮುಚ್ಚಳವೂ ಇಲ್ಲ. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಸವರಿಕೊಂಡು ಬಂದ ಗಾಳಿ ನೇರ ಸೆನ್ಸರಿನ ತಲೆ ಮೇಲೆ. ಊದಬಾರದು, ಎಳೆಯಬೇಕು. ಗಾಳಿ ಕೆಳಗಿನಿಂದ ಬಂದು ಮೊದಲು ಸೆನ್ಸರ್ ಮುಟ್ಟಬೇಕು. ಫ್ಯಾನಿಗೆ ಕೊನೇ ಸರದಿ, ಮದುವೆ ಮನೆಯಲ್ಲಿ ಬಡಿಸುವವರ ಪಂಕ್ತಿ ಇದ್ದ ಹಾಗೆ. ಫ್ಯಾನ್ ಹೊರಗೆ ಬಿಟ್ಟ ಗಾಳಿ ಸುತ್ತಿ ಬಂದು ಮತ್ತೆ ಬಾಯಿಗೆ ಸೇರಬಾರದು. ವೇಗ ಸೆಕೆಂಡಿಗೆ ಎರಡೂವರೆ ಮೀಟರಾದರೂ ಇರಲಿ.

ಸರಿ, ಹಾಗಾದರೆ ರೆಡಿಮೇಡ್ ಕೊಳ್ಳುವುದಾದರೆ ಯಾವುದು? ಶೀನ ಎರಡು ವಾರದಿಂದ ಇದೇ ಯೋಚನೆಯಲ್ಲಿ ಊಟ ಬಿಟ್ಟಿದ್ದಾನೆ (ಅವನ ಹೆಂಡತಿಯ ಪ್ರಕಾರ ಊಟವೊಂದನ್ನು ಬಿಟ್ಟು ಎಲ್ಲ ಬಿಟ್ಟಿದ್ದಾನೆ). ಡೇವಿಸ್‌ನವರ ಹವಾಮಾನ ಸ್ಟೇಷನ್ನಿಗೆ ಹಗಲು ಮಾತ್ರ ಸೋಲಾರಿನಲ್ಲಿ ತಿರುಗುವ ಫ್ಯಾನೂ ಉಂಟು, 24 ಗಂಟೆ ತಿರುಗುವುದೂ ಉಂಟು.

ನನಗೆ ಹಗಲಿನದ್ದು ಇಷ್ಟವಾಯಿತು. ಬಿಸಿಲು ಬಂದರೇನೇ ಫ್ಯಾನ್ ಬೇಕು, ಬಿಸಿಲು ಬಂದರೇನೇ ಅದು ತಿರುಗುತ್ತದೆ. ಇಂಥ ಆಳು ಎಲ್ಲಿ ಸಿಗುತ್ತಾನೆ? ಮೇಷ್ಟ್ರು ಒಪ್ಪಲಿಲ್ಲ. ಮೋಡವಿಲ್ಲದ ರಾತ್ರಿ ಶೀಲ್ಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ಆಗ ಸೆನ್ಸರ್ ಸ್ವಲ್ಪ ಕಡಿಮೆ ತೋರಿಸುತ್ತದೆ. ಮಳೆ ನಿಂತ ಮೇಲೆ ತಟ್ಟೆ ಒದ್ದೆ ಇದ್ದರೂ ಹಾಗೇ. ಅದಕ್ಕೆ ರಾತ್ರಿಯೂ ತಿರುಗಬೇಕು.

"ರಾತ್ರಿಯಿಡೀ ತಿರುಗಿದ್ರೆ ಕರೆಂಟ್ ಬಿಲ್ಲು?" ಇದು ಶೀನನ ಮನೆಯಿಂದ ಬಂದ ಪ್ರಶ್ನೆ.

ಮೂರ್ತಿ ಬೆರಳು ಮಡಚಿದ. "12 ವೋಲ್ಟು, 0.1 ಆಂಪ್. 1.2 ವ್ಯಾಟ್ ಆಯ್ತು. ತಿಂಗಳಿಗೆ ಒಂದು ಯೂನಿಟ್ಟೂ ಆಗಲ್ಲ ಕಣೋ. ಬಾಲ್ ಬೇರಿಂಗಿಂದು ಹಾಕಿಸ್ಕೋ. ಅಗ್ಗದ್ದು ಹಾಕಿದ್ರೆ ಧೂಳು ಕುಡಿದು ಒಂದು ಬೇಸಿಗೇಲಿ ಸಾಯುತ್ತೆ."

ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಅಲ್ಲಿತ್ತು: ಸತ್ತರೆ? ಫ್ಯಾನ್ ಶೀಲ್ಡ್‌ಗಳಲ್ಲಿ ಕೆಲವು ಬರೀ ಕೊಳವೆ. ಪೈಪಿನೊಳಗೆ ಪೈಪು, ನಡುವೆ ಗಾಳಿ. ಫ್ಯಾನ್ ತಿರುಗುವವರೆಗೆ ಅದರಷ್ಟು ಸತ್ಯವಂತ ಬೇರೆ ಇಲ್ಲ. ನಿಂತರೆ ಅದೇ ಬಿಸಿಗಾಳಿಯ ಡಬ್ಬ, ಶೀನನ ಇಡ್ಲಿ ಸ್ಟ್ಯಾಂಡಿಗಿಂತ ಕಡೆ. ನಿಂತಿದ್ದು ನಮಗೆ ಗೊತ್ತೂ ಆಗುವುದಿಲ್ಲ, ನಂಬರ್ ಮಾತ್ರ ಬರುತ್ತಲೇ ಇರುತ್ತದೆ. ತಟ್ಟೆಗೂಡಿಗೇ ಫ್ಯಾನ್ ಸೇರಿಸಿದ್ದಾದರೆ, ಫ್ಯಾನ್ ಕೈಕೊಟ್ಟ ದಿನ ಹಳೇ ತಟ್ಟೆಗೂಡಾಗಿ ಕೆಲಸ ಮಾಡಿಕೊಂಡಿರುತ್ತದೆ. ನಮ್ಮ ಕರೆಂಟಿನ ಭರವಸೆಗೆ ನಾನಾಗಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ಮೇಷ್ಟ್ರೂ ಹೂಂ ಅಂದರು. ಅವರು ಹೂಂ ಅನ್ನುವುದು ವರ್ಷಕ್ಕೆರಡು ಸಲ.

ಭಾನುವಾರ ಎಲ್ಲರೂ ತಾರಸಿ ಹತ್ತಿದೆವು. ಮೂರ್ತಿ ಫ್ಯಾನ್ ಮಗುಚಿ ಎಳೆಯುವಂತೆ ಕೂರಿಸಿದ. ಶೀನ ಮೇಲೊಂದು ಬಿಳಿ ಸ್ಟೀಲ್ ತಟ್ಟೆ ಮುಚ್ಚಳ ಕಟ್ಟಿದ. ಬಿಚ್ಚುವಾಗ ಎರಡನೇ ತಟ್ಟೆಯ ಅಡಿಯಲ್ಲಿ ಕಡಜದ ಗೂಡು ಸಿಕ್ಕಿತು, ಸಂದೆಲ್ಲ ಮಣ್ಣು ಮೆತ್ತಿಕೊಂಡಿತ್ತು. ಮೂರ್ತಿ ಕಡಜದ ಜೊತೆ ಮೂರು ಸುತ್ತು ಓಡಿದ. ಎರಡು ಗಂಟೆಯ ಬಿಸಿಲಿಗೆ 38.4 ಬಂತು. ಫ್ಯಾನಿನ ವಯರ್ ಕಿತ್ತೆವು. ಹದಿನೈದು ನಿಮಿಷದಲ್ಲಿ 40.9. ಮತ್ತೆ ಸಿಕ್ಕಿಸಿದೆವು, ಇಳಿಯಿತು.

"38.4 ಕೂಡ ಊರಿನದ್ದಲ್ಲ," ಅಂದರು ಮೇಷ್ಟ್ರು, ಕಾಲು ಸುಟ್ಟು ಕುಣಿಯುತ್ತಾ. "ಈ ಕಾಂಕ್ರೀಟಿನದ್ದು. ಹುಲ್ಲಿನ ಮೇಲೆ, ಎದೆ ಎತ್ತರಕ್ಕೆ ಇಡಬೇಕು."

"ಹುಲ್ಲು ಎಲ್ಲಿದೆ ಮೇಷ್ಟ್ರೇ ಈ ಬೀದೀಲಿ?"

ಎಲ್ಲರೂ ಕೆಳಗೆ ನೋಡಿದೆವು. ಆಂಟಿ ಮನೆಯ ಮುಂದೆ ಚಾಪೆಯಷ್ಟಗಲ ಹುಲ್ಲಿತ್ತು. ಶೀನ ಆ ವಿಷಯ ಅಲ್ಲಿಗೇ ಬಿಟ್ಟು ಗುಂಪಿನಲ್ಲಿ ಬರೆದ: "ತಿದ್ದುಪಡಿ. ಮೊನ್ನೆಯ 43.1 ತಪ್ಪು. ದಾಖಲೆ ಮುರಿದಿಲ್ಲ. ಕ್ಷಮಿಸಿ."

ಎರಡು ನಿಮಿಷದಲ್ಲಿ ಉತ್ತರ ಬಂತು: "ಕಾವೇರಿ ನೀರು ಇವತ್ತು ಎಷ್ಟು ಗಂಟೆಗೆ ಬಿಡ್ತಾರೆ ಗೊತ್ತಾ?"